ಕ್ರಿಸ್ಟಿ ಮ್ಯಾಥ್ಯೂಸನ್

ಕ್ರಿಸ್ಟೊಫರ್ ಮ್ಯಾಥ್ಯೂಸನ್ (12 ಆಗಸ್ಟ್ 1880 – 7 ಅಕ್ಟೋಬರ್ 1925) ಅಮೆರಿಕ ಸಂಯುಕ್ತ ಸಂಸ್ಥಾನದ ವೃತ್ತಿಪರ ಬೇಸ್‌ಬಾಲ್ ಆಟಗಾರರು. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಆ ದೇಶದ ಅತ್ಯಂತ ಜನಪ್ರಿಯ ಪಿಚರ್ (ಎಸೆತಗಾರ) ಎಂದು ಹೆಸರಾಗಿದ್ದರು. 1900ರಿಂದ 1916ರವರೆಗಿನ ಹದಿನೇಳು ಋತುಗಳಲ್ಲಿ ಅವರು 373 ಪಂದ್ಯಗಳನ್ನು ಗೆದ್ದು, 188ರಲ್ಲಿ ಸೋತರು. ಕೊನೆಯ ಋತುವಿನ ಒಂದೇ ಒಂದು ಗೆಲುವನ್ನು ಬಿಟ್ಟರೆ ಉಳಿದೆಲ್ಲವೂ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕಾಗಿ ಗಳಿಸಿದವು. 1936ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಮೊಟ್ಟಮೊದಲು ಆಯ್ಕೆಯಾದ ಐವರಲ್ಲಿ ಮ್ಯಾಥ್ಯೂಸನ್ ಒಬ್ಬರು. ಆ ಗೌರವವನ್ನು ಕಾಣಲು ಅವರೊಬ್ಬರು ಮಾತ್ರ ಬದುಕಿರಲಿಲ್ಲ.

ಅವರ ಹೆಸರು ಇಂದಿಗೂ ಉಳಿದಿರುವುದು ಅಂಕಿಅಂಶಗಳಿಂದ ಮಾತ್ರವಲ್ಲ. ಬೇಸ್‌ಬಾಲ್ ಆಟಗಾರರೆಂದರೆ ಕುಡುಕರು, ಜಗಳಗಂಟರು, ಜೂಜುಕೋರರ ಸಂಗಡಿಗರು ಎಂಬ ಭಾವನೆ ಬಲವಾಗಿದ್ದ ಕಾಲದಲ್ಲಿ ಕಾಲೇಜಿನಲ್ಲಿ ಓದಿದ, ಮಿತಭಾಷಿಯಾದ, ಕೊಟ್ಟ ಮಾತನ್ನು ಉಳಿಸಿಕೊಳ್ಳುವ ತರುಣನೊಬ್ಬ ಆ ಆಟದ ಶಿಖರಕ್ಕೇರಿದ್ದು ಜನರ ಅಭಿಪ್ರಾಯವನ್ನೇ ಬದಲಿಸಿತು. ಎಸೆತದಲ್ಲಿ ಅವರು ತೋರಿದ ಹತೋಟಿ ಅವರ ನಡವಳಿಕೆಯಲ್ಲಿಯೂ ಇತ್ತು.

ಆಟದಲ್ಲಿ ಪಿಚರ್‌ನ ಪಾತ್ರ

ಮ್ಯಾಥ್ಯೂಸನ್ ಅವರ ಸಾಧನೆಯನ್ನು ತಿಳಿಯಲು ಬೇಸ್‌ಬಾಲ್ ಆಟದ ಕೆಲವು ಅಂಶಗಳ ಪರಿಚಯ ಅಗತ್ಯ. ಒಂಬತ್ತು ಮಂದಿಯ ಎರಡು ತಂಡಗಳು ಸಾಮಾನ್ಯವಾಗಿ ಒಂಬತ್ತು ಇನ್ನಿಂಗ್ಸ್‌ಗಳನ್ನು ಆಡುತ್ತವೆ. ಪಿಚರ್ 60 ಅಡಿ 6 ಅಂಗುಲ ದೂರದಿಂದ ದಾಂಡಿಗನ ಕಡೆಗೆ ಚೆಂಡನ್ನು ಎಸೆಯುತ್ತಾನೆ. ಕ್ರಿಕೆಟ್‌ನಂತೆ ಇಲ್ಲಿ ಚೆಂಡು ನೆಲಕ್ಕೆ ಬಡಿದು ಪುಟಿಯುವುದಿಲ್ಲ; ಗಾಳಿಯಲ್ಲೇ ತಿರುಗಿ, ಬಾಗಿ, ಇಳಿದು ದಾಂಡಿಗನನ್ನು ವಂಚಿಸಬೇಕು. ಮೂರು ಸಲ ವಿಫಲನಾದ ದಾಂಡಿಗ ಔಟಾಗುತ್ತಾನೆ. ಇದಕ್ಕೆ ಸ್ಟ್ರೈಕ್‌ಔಟ್ ಎಂದು ಹೆಸರು. ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದರೆ ದಾಂಡಿಗ ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದುಹೋಗುತ್ತಾನೆ. ಇದನ್ನು ವಾಕ್ ಎನ್ನುತ್ತಾರೆ. ಎದುರಾಳಿಗೆ ಒಂದೂ ಓಟ ಕೊಡದೆ ಪಂದ್ಯ ಮುಗಿಸುವುದು ಶಟ್‌ಔಟ್. ಒಂದು ಸಫಲ ಹೊಡೆತಕ್ಕೂ ಅವಕಾಶ ಕೊಡದೆ ಮುಗಿಸುವುದು ನೋ-ಹಿಟ್ಟರ್. ತನ್ನ ಹೊಣೆಯಿಂದಲೇ ಪಿಚರ್ ಪ್ರತಿ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ಓಟಗಳನ್ನು ಬಿಟ್ಟುಕೊಟ್ಟ ಎಂಬ ಲೆಕ್ಕಕ್ಕೆ ಇ.ಆರ್.ಎ. ಎನ್ನುತ್ತಾರೆ. ಇದು ಕಡಿಮೆಯಾದಷ್ಟೂ ಒಳ್ಳೆಯದು.

ಇಂದು ಒಂದು ಪಂದ್ಯದಲ್ಲಿ ಹಲವು ಪಿಚರ್‌ಗಳು ಸರದಿಯಂತೆ ಎಸೆಯುತ್ತಾರೆ. ಮ್ಯಾಥ್ಯೂಸನ್ ಕಾಲದಲ್ಲಿ ಆರಂಭಿಸಿದವನೇ ಕೊನೆಯವರೆಗೂ ಎಸೆಯಬೇಕೆಂಬ ನಿರೀಕ್ಷೆಯಿತ್ತು. ಸವೆದು ಕೊಳೆಯಾದ ಚೆಂಡನ್ನೇ ಬಹು ಹೊತ್ತು ಬಳಸುತ್ತಿದ್ದುದರಿಂದ ಅದು ದೂರ ಹಾರುತ್ತಿರಲಿಲ್ಲ. ಹೋಮ್ ರನ್‌ಗಳು ವಿರಳವಾಗಿದ್ದವು, ಒಂದೆರಡು ಓಟಗಳಲ್ಲೇ ಪಂದ್ಯ ತೀರ್ಮಾನವಾಗುತ್ತಿತ್ತು. ಬೇಸ್‌ಬಾಲ್ ಚರಿತ್ರೆಯಲ್ಲಿ ಈ ಅವಧಿಯನ್ನು ‘ಡೆಡ್ ಬಾಲ್ ಯುಗ’ ಎಂದು ಕರೆಯುತ್ತಾರೆ.

ಜನನ, ಬಾಲ್ಯ ಮತ್ತು ಶಿಕ್ಷಣ

ಮ್ಯಾಥ್ಯೂಸನ್ ಪೆನ್ಸಿಲ್ವೇನಿಯಾ ರಾಜ್ಯದ ಫ್ಯಾಕ್ಟರಿವಿಲ್ ಎಂಬ ಪುಟ್ಟ ಊರಿನಲ್ಲಿ ಜನಿಸಿದರು. ತಂದೆ ಗಿಲ್ಬರ್ಟ್, ತಾಯಿ ಮಿನರ್ವಾ. ಕ್ರಿಸ್ಟೊಫರ್ ಹಿರಿಯ ಮಗ. ಕುಟುಂಬ ಧರ್ಮನಿಷ್ಠವಾಗಿತ್ತು, ಮಗ ಧರ್ಮಬೋಧಕನಾಗಲಿ ಎಂಬುದು ತಾಯಿಯ ಆಸೆಯಾಗಿತ್ತು. ಮಗ ಆ ದಾರಿ ಹಿಡಿಯಲಿಲ್ಲ. ಆದರೆ ಭಾನುವಾರದ ದಿನ ಆಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು, ಆಟಗಾರನಾಗಿದ್ದಷ್ಟು ಕಾಲವೂ ಅದನ್ನು ಪಾಲಿಸಿದರು. ನ್ಯೂಯಾರ್ಕ್‌ನಲ್ಲಿ ಆಗ ಭಾನುವಾರದ ಪಂದ್ಯಗಳಿಗೆ ಕಾನೂನಿನ ಒಪ್ಪಿಗೆಯೇ ಇರಲಿಲ್ಲ. ಷಿಕಾಗೊ, ಸೇಂಟ್ ಲೂಯಿಸ್, ಸಿನ್ಸಿನಾಟಿಯಂತಹ ಊರುಗಳಲ್ಲಿ ಭಾನುವಾರವೂ ಪಂದ್ಯ ನಡೆಯುತ್ತಿದ್ದುದರಿಂದ ಅಲ್ಲಿಗೆ ಹೋದಾಗ ಈ ಮಾತಿಗೆ ನಿಜವಾದ ಬೆಲೆ ತೆರಬೇಕಾಗುತ್ತಿತ್ತು.

ಊರಿನ ಕೀಸ್ಟೋನ್ ಅಕಾಡೆಮಿಯಲ್ಲಿ ಓದಿದ ಬಳಿಕ, 1898ರಲ್ಲಿ ಲೂಯಿಸ್‌ಬರ್ಗ್ ಪಟ್ಟಣದ ಬಕ್‌ನೆಲ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಮತ್ತು ಅಮೆರಿಕನ್ ಫುಟ್‌ಬಾಲ್ ಮೂರರಲ್ಲೂ ಆಡಿದರು. ಆ ದಿನಗಳಲ್ಲಿ ಅವರಿಗೆ ಹೆಚ್ಚು ಹೆಸರು ತಂದದ್ದು ಫುಟ್‌ಬಾಲ್. ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೊಡನೆ ಒದ್ದು ಅಂಕ ಗಳಿಸುವ ಡ್ರಾಪ್ ಕಿಕ್ ವಿದ್ಯೆಯಲ್ಲಿ ಅವರು ನಿಪುಣರಾಗಿದ್ದರು. ತರಗತಿಯ ಅಧ್ಯಕ್ಷರಾಗಿ, ಸಾಹಿತ್ಯ ಸಂಘದ ಸದಸ್ಯರಾಗಿಯೂ ಕೆಲಸ ಮಾಡಿದರು. ವೃತ್ತಿಪರ ಆಟದ ಕರೆ ಬಂದುದರಿಂದ ಪದವಿಯನ್ನು ಪೂರೈಸಲಾಗಲಿಲ್ಲ. ಆದರೂ ಆ ಕಾಲದ ಆಟಗಾರರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಕಡಿಮೆಯಾಗಿದ್ದುದರಿಂದ ‘ಕಾಲೇಜು ಹುಡುಗ’ ಎಂಬ ಗುರುತು ಅವರಿಗೆ ಅಂಟಿಕೊಂಡಿತು.

ವೃತ್ತಿಜೀವನದ ಆರಂಭ

1899ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಟಾಂಟನ್ ತಂಡದಲ್ಲಿ ಮೊದಲ ಬಾರಿಗೆ ಹಣ ಪಡೆದು ಆಡಿದರು. ಮರುವರ್ಷ ವರ್ಜೀನಿಯಾ ರಾಜ್ಯದ ನಾರ್‌ಫೋಕ್ ತಂಡದಲ್ಲಿ 20 ಪಂದ್ಯಗಳನ್ನು ಗೆದ್ದು ಕೇವಲ ಎರಡರಲ್ಲಿ ಸೋತಾಗ ದೊಡ್ಡ ತಂಡಗಳ ಗಮನ ಅವರ ಮೇಲೆ ಬಿತ್ತು. ನ್ಯೂಯಾರ್ಕ್ ಜೈಂಟ್ಸ್ ಅವರನ್ನು ಕರೆಸಿಕೊಂಡಿತು. 1900ರ ಜುಲೈನಲ್ಲಿ, ಇಪ್ಪತ್ತು ತುಂಬುವ ಮೊದಲೇ, ನ್ಯಾಷನಲ್ ಲೀಗ್‌ನ ಅಂಗಳಕ್ಕೆ ಇಳಿದರು. ಆರಂಭ ನಿರಾಶಾದಾಯಕವಾಗಿತ್ತು. ಆ ಋತುವಿನಲ್ಲಿ ಮೂರು ಪಂದ್ಯಗಳಲ್ಲಿ ಸೋತರು, ಒಂದನ್ನೂ ಗೆಲ್ಲಲಿಲ್ಲ. ತಂಡ ಅವರನ್ನು ನಾರ್‌ಫೋಕ್‌ಗೆ ಹಿಂದಿರುಗಿಸಿತು.

ಮುಂದೆ ನಡೆದದ್ದು ಬೇಸ್‌ಬಾಲ್ ಚರಿತ್ರೆಯ ಅತ್ಯಂತ ವಿಲಕ್ಷಣ ವಿನಿಮಯಗಳಲ್ಲಿ ಒಂದು. ಸಿನ್ಸಿನಾಟಿ ರೆಡ್ಸ್ ತಂಡ ಕೇವಲ 100 ಡಾಲರ್ ಕೊಟ್ಟು ಮ್ಯಾಥ್ಯೂಸನ್ ಅವರನ್ನು ತನ್ನದಾಗಿಸಿಕೊಂಡಿತು. 1900ರ ಡಿಸೆಂಬರ್‌ನಲ್ಲಿ ಮತ್ತೆ ಜೈಂಟ್ಸ್‌ಗೆ ಬಿಟ್ಟುಕೊಟ್ಟು, ಪ್ರತಿಯಾಗಿ ಒಂದು ಕಾಲದ ಮಹಾ ವೇಗಿ ಏಮಸ್ ರೂಸಿ ಅವರನ್ನು ಪಡೆಯಿತು. ತೋಳು ಸೋತಿದ್ದ ರೂಸಿ ಸಿನ್ಸಿನಾಟಿಗಾಗಿ ಮೂರೇ ಪಂದ್ಯಗಳಲ್ಲಿ ಆಡಿ ನಿವೃತ್ತರಾದರು. ಮ್ಯಾಥ್ಯೂಸನ್ ನ್ಯೂಯಾರ್ಕ್‌ಗಾಗಿ 372 ಪಂದ್ಯಗಳನ್ನು ಗೆದ್ದರು. ಅಂದಿನ ಸಿನ್ಸಿನಾಟಿ ತಂಡದ ಒಡೆಯ ಜಾನ್ ಟಿ. ಬ್ರಷ್ ಕೆಲವೇ ಕಾಲದ ನಂತರ ಜೈಂಟ್ಸ್ ತಂಡದ ಒಡೆಯರಾದುದನ್ನು ನೋಡಿದವರು ಈ ವಿನಿಮಯದ ಹಿಂದಿನ ಉದ್ದೇಶವನ್ನು ಶಂಕಿಸಿದ್ದುಂಟು.

1901ರಲ್ಲಿ ತಂಡ ಎಂಟರಲ್ಲಿ ಏಳನೆಯ ಸ್ಥಾನಕ್ಕೆ ಕುಸಿದಿದ್ದರೂ ಮ್ಯಾಥ್ಯೂಸನ್ 20 ಪಂದ್ಯಗಳನ್ನು ಗೆದ್ದರು. ಜುಲೈ 15ರಂದು ಸೇಂಟ್ ಲೂಯಿಸ್ ವಿರುದ್ಧ ತಮ್ಮ ಮೊದಲ ನೋ-ಹಿಟ್ಟರ್ ಸಾಧಿಸಿದರು. ಮರುವರ್ಷ ಮ್ಯಾನೇಜರ್ ಆಗಿದ್ದ ಹೊರೇಸ್ ಫೋಗಲ್ ಅವರನ್ನು ಕೆಲವು ಪಂದ್ಯಗಳಲ್ಲಿ ಮೊದಲ ಬೇಸ್ ಕಾಯಲು ನಿಲ್ಲಿಸಿದರು! ಪ್ರತಿಭೆಯ ಬೆಲೆ ತಿಳಿಯದ ಕೈಗಳಲ್ಲಿ ಅವರ ವೃತ್ತಿಜೀವನ ದಾರಿ ತಪ್ಪುವ ಸಂಭವವಿತ್ತು.

ಮೆಕ್‌ಗ್ರಾ ಅವರ ಆಗಮನ

1902ರ ಜುಲೈನಲ್ಲಿ ಜಾನ್ ಮೆಕ್‌ಗ್ರಾ ಜೈಂಟ್ಸ್ ತಂಡದ ಮ್ಯಾನೇಜರ್ ಆದರು. ಮ್ಯಾಥ್ಯೂಸನ್ ಪಿಚರ್ ಆಗಿಯೇ ಮುಂದುವರಿದರು. ಇಬ್ಬರ ಸ್ವಭಾವ ತೀರ ಭಿನ್ನ. ಮೆಕ್‌ಗ್ರಾ ಕುಳ್ಳನೆಯ ದೇಹದ, ಬೈಗುಳದ ಬಾಯಿಯ, ಅಂಪೈರ್‌ಗಳ ಮೇಲೆ ಎರಗುವ ಮುಂಗೋಪಿ. ಮ್ಯಾಥ್ಯೂಸನ್ ಆರಡಿಗೂ ಮೀರಿದ ಎತ್ತರದ, ಸಂಯಮದ ಮನುಷ್ಯ. ಆದರೆ ಆಟವನ್ನು ಬುದ್ಧಿಯಿಂದ ಆಡಬೇಕೆಂಬ ವಿಷಯದಲ್ಲಿ ಇಬ್ಬರದೂ ಒಂದೇ ಮನಸ್ಸು. ಎರಡು ಕುಟುಂಬಗಳು ಕೆಲ ಕಾಲ ನ್ಯೂಯಾರ್ಕ್‌ನಲ್ಲಿ ಒಂದೇ ಮನೆಯಲ್ಲಿ ವಾಸಿಸಿದವು. ಈ ಸ್ನೇಹ ಕೊನೆಯವರೆಗೂ ಉಳಿಯಿತು.

ಫಲಿತಾಂಶ ಬೇಗನೆ ಕಾಣಿಸಿತು. ಮ್ಯಾಥ್ಯೂಸನ್ 1903ರಲ್ಲಿ 30, 1904ರಲ್ಲಿ 33, 1905ರಲ್ಲಿ 31 ಪಂದ್ಯಗಳನ್ನು ಗೆದ್ದರು. 1903ರಲ್ಲಿ ಗಳಿಸಿದ 267 ಸ್ಟ್ರೈಕ್‌ಔಟ್‌ಗಳ ದಾಖಲೆ ಇಪ್ಪತ್ತನೆಯ ಶತಮಾನದ ನ್ಯಾಷನಲ್ ಲೀಗ್‌ನಲ್ಲಿ 1961ರವರೆಗೆ ಉಳಿದಿತ್ತು. ಅದನ್ನು ಮುರಿದವರು ಸ್ಯಾಂಡಿ ಕೂಫ್ಯಾಕ್ಸ್. 1903ರಿಂದ 1914ರವರೆಗೆ ಸತತವಾಗಿ ಹನ್ನೆರಡು ಋತುಗಳಲ್ಲಿ ಮ್ಯಾಥ್ಯೂಸನ್ 20ಕ್ಕಿಂತ ಹೆಚ್ಚು ಪಂದ್ಯಗಳನ್ನು ಗೆದ್ದರು. ಜೋ ಮೆಕ್‌ಗಿನಿಟಿ ಅವರೊಡನೆ ಅವರ ಜೋಡಿ ಎದುರಾಳಿಗಳಿಗೆ ಸಿಂಹಸ್ವಪ್ನವಾಯಿತು.

1905ರ ವರ್ಲ್ಡ್ ಸೀರೀಸ್

ನ್ಯಾಷನಲ್ ಲೀಗ್ ಮತ್ತು ಅಮೆರಿಕನ್ ಲೀಗ್‌ಗಳ ವಿಜೇತರ ನಡುವೆ ಋತುವಿನ ಕೊನೆಯಲ್ಲಿ ನಡೆಯುವ ಸರಣಿಗೆ ವರ್ಲ್ಡ್ ಸೀರೀಸ್ ಎಂದು ಹೆಸರು. 1904ರಲ್ಲಿ ಜೈಂಟ್ಸ್ ತಮ್ಮ ಲೀಗ್ ಗೆದ್ದಿದ್ದರೂ ಮೆಕ್‌ಗ್ರಾ ಮತ್ತು ಬ್ರಷ್ ಹೊಸ ಲೀಗ್‌ನೊಂದಿಗೆ ಆಡಲು ಒಪ್ಪದ ಕಾರಣ ಸರಣಿ ನಡೆಯಲಿಲ್ಲ. ಮರುವರ್ಷ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡವನ್ನು ಎದುರಿಸಲು ಅವರು ಒಪ್ಪಿದರು.

ಅಕ್ಟೋಬರ್ 9ರಂದು ಮ್ಯಾಥ್ಯೂಸನ್ 3–0 ಅಂತರದಿಂದ ಗೆದ್ದರು. ಅಕ್ಟೋಬರ್ 12ರಂದು 9–0. ಒಂದೇ ದಿನದ ಬಿಡುವಿನ ಬಳಿಕ ಅಕ್ಟೋಬರ್ 14ರಂದು 2–0. ಆರು ದಿನಗಳೊಳಗೆ ಮೂರು ಸಂಪೂರ್ಣ ಪಂದ್ಯಗಳು, 27 ಇನ್ನಿಂಗ್ಸ್‌ಗಳು. ಎದುರಾಳಿಗೆ ಒಂದೇ ಒಂದು ಓಟವೂ ದಕ್ಕಲಿಲ್ಲ. 18 ಸ್ಟ್ರೈಕ್‌ಔಟ್‌ಗಳಿಗೆ ಎದುರಾಗಿ ಬಿಟ್ಟುಕೊಟ್ಟದ್ದು ಒಂದೇ ವಾಕ್. ಜೈಂಟ್ಸ್ ಸರಣಿಯನ್ನು 4–1ರಿಂದ ಗೆದ್ದರು. ಒಂದೇ ವರ್ಲ್ಡ್ ಸೀರೀಸ್‌ನಲ್ಲಿ ಮೂರು ಶಟ್‌ಔಟ್‌ಗಳನ್ನು ಇನ್ನಾವ ಪಿಚರ್ ಕೂಡ ಸಾಧಿಸಿಲ್ಲ. ಮ್ಯಾಥ್ಯೂಸನ್ ಅವರಿಗೆ ಆಗ ಇಪ್ಪತ್ತೈದು ವರ್ಷ. ಅವರು ಇನ್ನೂ ಹನ್ನೊಂದು ವರ್ಷ ಆಡಿದರೂ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದದ್ದು ಅದೊಂದೇ ಬಾರಿ.

ಎಸೆತದ ಕಲೆ

ಮ್ಯಾಥ್ಯೂಸನ್ ಅವರ ಖ್ಯಾತ ಅಸ್ತ್ರದ ಹೆಸರು ‘ಫೇಡ್‌ಅವೇ’. ಬಲಗೈ ಪಿಚರ್ ಎಸೆಯುವ ಸಾಮಾನ್ಯ ಕರ್ವ್ ಚೆಂಡು ಬಲಗೈ ದಾಂಡಿಗನಿಂದ ಹೊರಕ್ಕೆ ಬಾಗುತ್ತದೆ. ಫೇಡ್‌ಅವೇ ಇದಕ್ಕೆ ವಿರುದ್ಧವಾಗಿ ಅವನ ಕಡೆಗೇ ಬಾಗಿ ಕೆಳಗಿಳಿಯುತ್ತದೆ. ಎಡಗೈ ದಾಂಡಿಗನಿಂದ ದೂರ ಸರಿಯುತ್ತದೆ. ಕ್ರಿಕೆಟ್ ಬಲ್ಲವರು ಇದನ್ನು ಗೂಗ್ಲಿಗೆ ಹೋಲಿಸಿಕೊಳ್ಳಬಹುದು: ನಿರೀಕ್ಷಿಸಿದ ದಿಕ್ಕಿಗೆ ವಿರುದ್ಧವಾಗಿ ತಿರುಗುವುದೇ ಎರಡರ ಮರ್ಮ. ಮುಂದಿನ ತಲೆಮಾರಿನವರು ಇದೇ ಬಗೆಯ ಎಸೆತವನ್ನು ಸ್ಕ್ರೂಬಾಲ್ ಎಂದು ಕರೆದರು. ಮಣಿಕಟ್ಟನ್ನು ಸಹಜಕ್ಕೆ ವಿರುದ್ಧವಾಗಿ ಒಳಕ್ಕೆ ತಿರುಚಬೇಕಾಗಿದ್ದುದರಿಂದ ತೋಳಿಗೆ ಬಹಳ ಶ್ರಮವಾಗುತ್ತಿತ್ತು. ಆದ್ದರಿಂದ ಒಂದು ಪಂದ್ಯದಲ್ಲಿ ಅದನ್ನು ಕೆಲವೇ ಸಲ, ಅತ್ಯಗತ್ಯವಾದ ಕ್ಷಣಕ್ಕಷ್ಟೇ ಉಳಿಸಿಕೊಳ್ಳುತ್ತಿದ್ದರು.

ಆದರೆ ಅವರ ನಿಜವಾದ ಬಲ ಇದ್ದದ್ದು ನಿಖರತೆಯಲ್ಲಿ. 1908ರಲ್ಲಿ 390ಕ್ಕೂ ಹೆಚ್ಚು ಇನ್ನಿಂಗ್ಸ್‌ಗಳಲ್ಲಿ ಅವರು ಬಿಟ್ಟುಕೊಟ್ಟ ವಾಕ್‌ಗಳು 42. 1913ರಲ್ಲಿ 306 ಇನ್ನಿಂಗ್ಸ್‌ಗಳಲ್ಲಿ ಕೇವಲ 21. ಅದೇ ವರ್ಷ ಸತತ 68 ಇನ್ನಿಂಗ್ಸ್‌ಗಳಲ್ಲಿ ಒಂದೂ ವಾಕ್ ಕೊಡಲಿಲ್ಲ. ಎದುರಾಳಿ ತಂಡದ ಪ್ರತಿಯೊಬ್ಬ ದಾಂಡಿಗನ ದೌರ್ಬಲ್ಯವನ್ನೂ ನೆನಪಿನಲ್ಲಿಟ್ಟುಕೊಂಡು, ಅವನಿಗೆ ಹೊಡೆಯಲು ಕಷ್ಟವಾದ ಜಾಗಕ್ಕೇ ಚೆಂಡನ್ನು ಕಳುಹಿಸುತ್ತಿದ್ದರು. ತಂಡ ಮುಂದಿದ್ದಾಗ ಪೂರ್ಣ ಶಕ್ತಿ ಬಳಸದೆ, ಕ್ಷೇತ್ರರಕ್ಷಕರನ್ನು ನಂಬಿ ಹೊಡೆಯಲು ಬಿಡುತ್ತಿದ್ದರು. ಬೇಸ್‌ಗಳು ತುಂಬಿ ಸಂಕಟ ಒದಗಿದಾಗ ಮಾತ್ರ ಉಳಿಸಿಟ್ಟ ಶಕ್ತಿಯನ್ನೆಲ್ಲ ಹೊರತೆಗೆಯುತ್ತಿದ್ದರು. ಇದೇ ವಿಚಾರವನ್ನು 1912ರಲ್ಲಿ ಪ್ರಕಟವಾದ ‘ಪಿಚಿಂಗ್ ಇನ್ ಎ ಪಿಂಚ್’ ಎಂಬ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಪತ್ರಕರ್ತ ಜಾನ್ ವೀಲರ್ ನೆರವಿನಿಂದ ಬರೆದ ಈ ಕೃತಿ ಬೇಸ್‌ಬಾಲ್ ಸಾಹಿತ್ಯದ ಆರಂಭಕಾಲದ ಮುಖ್ಯ ಗ್ರಂಥಗಳಲ್ಲಿ ಒಂದು.

1908ರ ಋತು

ಅಂಕಿಅಂಶಗಳ ದೃಷ್ಟಿಯಿಂದ 1908 ಅವರ ಅತ್ಯುತ್ತಮ ವರ್ಷ. ಆ ಋತುವಿನಲ್ಲಿ 37 ಪಂದ್ಯಗಳನ್ನು ಗೆದ್ದರು. 1900ರಿಂದೀಚೆಗೆ ನ್ಯಾಷನಲ್ ಲೀಗ್‌ನಲ್ಲಿ ಇದನ್ನು ಮೀರಿದವರಿಲ್ಲ. ಇ.ಆರ್.ಎ. 1.43. ಗೆಲುವು, ಸ್ಟ್ರೈಕ್‌ಔಟ್, ಇ.ಆರ್.ಎ. ಮೂರರಲ್ಲೂ ಲೀಗ್‌ನ ಮೊದಲಿಗರಾದರು. 1905ರಲ್ಲಿಯೂ ಇದೇ ತ್ರಿವಳಿ ಸಾಧನೆ ಮಾಡಿದ್ದರು.

ಆದರೂ ಆ ವರ್ಷ ತಂಡ ಲೀಗ್ ಗೆಲ್ಲಲಿಲ್ಲ. ಸೆಪ್ಟೆಂಬರ್ 23ರಂದು ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್ ಅಂಗಳದಲ್ಲಿ ಷಿಕಾಗೊ ಕಬ್ಸ್ ವಿರುದ್ಧ ಮ್ಯಾಥ್ಯೂಸನ್ ಎಸೆಯುತ್ತಿದ್ದರು. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಸ್ಕೋರು 1–1. ಜೈಂಟ್ಸ್‌ನ ಇಬ್ಬರು ಔಟಾಗಿದ್ದರು. ಮೊದಲ ಬೇಸ್‌ನಲ್ಲಿ ಹತ್ತೊಂಬತ್ತು ವರ್ಷದ ಫ್ರೆಡ್ ಮರ್ಕಲ್, ಮೂರನೆಯ ಬೇಸ್‌ನಲ್ಲಿ ಮತ್ತೊಬ್ಬ ಆಟಗಾರ ಇದ್ದರು. ಆಗ ಬಂದ ಹೊಡೆತದಿಂದ ಮೂರನೆಯ ಬೇಸ್‌ನಲ್ಲಿದ್ದವನು ಓಟ ಪೂರೈಸಿದ. ಪಂದ್ಯ ಮುಗಿಯಿತೆಂದು ಪ್ರೇಕ್ಷಕರು ಅಂಗಳಕ್ಕೆ ನುಗ್ಗಿದರು. ಮರ್ಕಲ್ ಕೂಡ ಹಾಗೆಯೇ ಭಾವಿಸಿ, ಎರಡನೆಯ ಬೇಸ್ ಮುಟ್ಟದೆ ತಂಡದ ಕೊಠಡಿಯ ಕಡೆಗೆ ಓಡಿದರು. ನಿಯಮದ ಪ್ರಕಾರ ಅವರು ಆ ಬೇಸ್ ಮುಟ್ಟಲೇಬೇಕಿತ್ತು. ಕಬ್ಸ್ ತಂಡದ ಜಾನಿ ಎವರ್ಸ್ ಇದನ್ನು ಗಮನಿಸಿ, ಚೆಂಡು ಹಿಡಿದು ಎರಡನೆಯ ಬೇಸ್ ಮೇಲೆ ನಿಂತರು. ಅಂಪೈರ್ ಹ್ಯಾಂಕ್ ಓಡೇ ಮರ್ಕಲ್ ಔಟ್ ಎಂದು ತೀರ್ಪಿತ್ತರು. ಓಟ ರದ್ದಾಯಿತು, ಪಂದ್ಯ ಸಮವೆಂದು ಘೋಷಿತವಾಯಿತು.

ಋತುವಿನ ಅಂತ್ಯದಲ್ಲಿ ಎರಡೂ ತಂಡಗಳು ಸಮಸಮನಾಗಿ ನಿಂತಾಗ, ಅಕ್ಟೋಬರ್ 8ರಂದು ಆ ಪಂದ್ಯವನ್ನು ಮತ್ತೆ ಆಡಬೇಕಾಯಿತು. ವರ್ಷವಿಡೀ ದುಡಿದು ದಣಿದಿದ್ದ ಮ್ಯಾಥ್ಯೂಸನ್ ಅವರೇ ಎಸೆಯಲು ನಿಂತರು. ಕಬ್ಸ್ ಪರವಾಗಿ ಅವರ ದೀರ್ಘಕಾಲದ ಪ್ರತಿಸ್ಪರ್ಧಿ ಮೊರ್ಡೆಕೈ ಬ್ರೌನ್ ಎಸೆದರು. ಕಬ್ಸ್ 4–2ರಿಂದ ಗೆದ್ದರು. ಒಂದೇ ಪಂದ್ಯದ ಅಂತರದಿಂದ ಜೈಂಟ್ಸ್ ಲೀಗ್ ಕಳೆದುಕೊಂಡರು. ಪತ್ರಿಕೆಗಳೂ ಜನರೂ ಮರ್ಕಲ್ ಅವರನ್ನು ಬಹುಕಾಲ ಹಳಿದರು. ಮೆಕ್‌ಗ್ರಾ ಅವರನ್ನು ತಂಡದಲ್ಲೇ ಉಳಿಸಿಕೊಂಡರು.

ಗೆಲುವಿನ ಹೊಸ್ತಿಲಲ್ಲಿ ಸೋಲು

1909ರಲ್ಲಿ ಮ್ಯಾಥ್ಯೂಸನ್ ಅವರ ಇ.ಆರ್.ಎ. 1.14ಕ್ಕೆ ಇಳಿಯಿತು, ಅದು ಅವರ ಜೀವಮಾನದ ಶ್ರೇಷ್ಠ ಸರಾಸರಿ. 1911, 1912, 1913ರಲ್ಲಿ ಜೈಂಟ್ಸ್ ಸತತವಾಗಿ ಲೀಗ್ ಗೆದ್ದರು. ಮೂರು ಸಲವೂ ವರ್ಲ್ಡ್ ಸೀರೀಸ್‌ನಲ್ಲಿ ಸೋತರು.

1911ರ ಸರಣಿಯ ಸಮಯದಲ್ಲಿ ಮ್ಯಾಥ್ಯೂಸನ್ ಹೆಸರಿನಲ್ಲಿ ಪತ್ರಿಕೆಯಲ್ಲಿ ಅಂಕಣ ಪ್ರಕಟವಾಗುತ್ತಿತ್ತು; ಅದನ್ನು ಸಿದ್ಧಪಡಿಸುತ್ತಿದ್ದವರು ವೀಲರ್. ಎರಡನೆಯ ಪಂದ್ಯದಲ್ಲಿ ಸಹ ಪಿಚರ್ ರೂಬ್ ಮಾರ್ಕ್ವರ್ಡ್ ಅವರ ಎಸೆತಕ್ಕೆ ಅಥ್ಲೆಟಿಕ್ಸ್‌ನ ಫ್ರ್ಯಾಂಕ್ ಬೇಕರ್ ಹೋಮ್ ರನ್ ಬಾರಿಸಿದರು. ಬೇಕರ್‌ಗೆ ಎಸೆಯಬಾರದ ರೀತಿಯಲ್ಲಿ ಮಾರ್ಕ್ವರ್ಡ್ ಎಸೆದರೆಂದು ಅಂಕಣದಲ್ಲಿ ಟೀಕೆ ಬಂತು. ಮರುಪಂದ್ಯದ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಅದೇ ಬೇಕರ್ ಸ್ವತಃ ಮ್ಯಾಥ್ಯೂಸನ್ ಎಸೆತಕ್ಕೆ ಹೋಮ್ ರನ್ ಬಾರಿಸಿ ಸ್ಕೋರನ್ನು ಸಮಗೊಳಿಸಿದರು! ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ಜೈಂಟ್ಸ್ ಸೋತರು. ಆ ಸರಣಿಯಿಂದ ‘ಹೋಮ್ ರನ್ ಬೇಕರ್’ ಎಂಬ ಹೆಸರು ಶಾಶ್ವತವಾಯಿತು.

1912ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧದ ಸರಣಿ ಎಂಟನೆಯ ಪಂದ್ಯದವರೆಗೂ ಹೋಯಿತು. ಆ ನಿರ್ಣಾಯಕ ಪಂದ್ಯದ ಹತ್ತನೆಯ ಇನ್ನಿಂಗ್ಸ್‌ನಲ್ಲಿ ಜೈಂಟ್ಸ್ 2–1ರಿಂದ ಮುಂದಿದ್ದರು. ಆಗ ಸುಲಭವಾದ ಕ್ಯಾಚೊಂದನ್ನು ಫ್ರೆಡ್ ಸ್ನಾಡ್‌ಗ್ರಾಸ್ ಕೈಚೆಲ್ಲಿದರು. ಬಳಿಕ ಟ್ರಿಸ್ ಸ್ಪೀಕರ್ ಹೊಡೆದು ಎತ್ತರಕ್ಕೇರಿದ ಮತ್ತೊಂದು ಚೆಂಡು ಮ್ಯಾಥ್ಯೂಸನ್, ಕ್ಯಾಚರ್ ಚೀಫ್ ಮೈಯರ್ಸ್, ಮೊದಲ ಬೇಸ್‌ನ ಮರ್ಕಲ್ ಈ ಮೂವರ ನಡುವೆ ಯಾರೂ ಹಿಡಿಯದೆ ನೆಲಕ್ಕೆ ಬಿತ್ತು. ಬದುಕುಳಿದ ಸ್ಪೀಕರ್ ಮುಂದಿನ ಹೊಡೆತದಿಂದ ಸ್ಕೋರನ್ನು ಸಮಗೊಳಿಸಿದರು. ಬಾಸ್ಟನ್ 3–2ರಿಂದ ಗೆದ್ದಿತು. ಆ ಸರಣಿಯಲ್ಲಿ ಮೂರು ಪಂದ್ಯಗಳನ್ನು ಆರಂಭಿಸಿ ಅತ್ಯುತ್ತಮವಾಗಿ ಎಸೆದಿದ್ದರೂ ಮ್ಯಾಥ್ಯೂಸನ್ ಅವರಿಗೆ ಒಂದು ಗೆಲುವೂ ದೊರೆಯಲಿಲ್ಲ. ಆದರೆ ಅವರಾಗಲಿ ಮೆಕ್‌ಗ್ರಾ ಅವರಾಗಲಿ ಸ್ನಾಡ್‌ಗ್ರಾಸ್ ಮೇಲೆ ದೋಷ ಹೊರಿಸಲಿಲ್ಲ.

1913ರ ಸರಣಿಯ ಎರಡನೆಯ ಪಂದ್ಯದಲ್ಲಿ ಮ್ಯಾಥ್ಯೂಸನ್ ಹತ್ತು ಇನ್ನಿಂಗ್ಸ್‌ಗಳವರೆಗೆ ಅಥ್ಲೆಟಿಕ್ಸ್‌ಗೆ ಓಟ ಕೊಡದೆ, ಹತ್ತನೆಯದರಲ್ಲಿ ತಮ್ಮದೇ ಹೊಡೆತದಿಂದ ಮೊದಲ ಓಟ ತಂದುಕೊಟ್ಟರು. ಜೈಂಟ್ಸ್‌ಗೆ ಆ ಸರಣಿಯಲ್ಲಿ ದಕ್ಕಿದ್ದು ಅದೊಂದೇ ಗೆಲುವು. ಒಟ್ಟು ನಾಲ್ಕು ವರ್ಲ್ಡ್ ಸೀರೀಸ್‌ಗಳಲ್ಲಿ ಮ್ಯಾಥ್ಯೂಸನ್ ಐದು ಪಂದ್ಯಗಳನ್ನು ಗೆದ್ದು ಐದರಲ್ಲಿ ಸೋತರು, ಆದರೆ ಇ.ಆರ್.ಎ. 0.97. ಒಂದು ಇನ್ನಿಂಗ್ಸ್‌ಗೆ ಅಲ್ಲ, ಒಂಬತ್ತು ಇನ್ನಿಂಗ್ಸ್‌ಗೆ ಒಂದು ಓಟವನ್ನೂ ಪೂರ್ತಿ ಕೊಡದವನು ಅರ್ಧದಷ್ಟು ಪಂದ್ಯಗಳಲ್ಲಿ ಸೋತನೆಂಬುದು ತಂಡದ ಆಟದಲ್ಲಿ ಒಬ್ಬನ ಶಕ್ತಿಗಿರುವ ಮಿತಿಯನ್ನು ತೋರಿಸುತ್ತದೆ.

ವ್ಯಕ್ತಿತ್ವ ಮತ್ತು ಕುಟುಂಬ

1903ರಲ್ಲಿ ಲೂಯಿಸ್‌ಬರ್ಗ್‌ನ ಜೇನ್ ಸ್ಟೌಟನ್ ಅವರನ್ನು ವಿವಾಹವಾದರು. ದಂಪತಿಗೆ ಕ್ರಿಸ್ಟೊಫರ್ ಎಂಬ ಒಬ್ಬನೇ ಮಗ. ತಮ್ಮ ಹೆನ್ರಿ ಕೂಡ 1906–07ರಲ್ಲಿ ಜೈಂಟ್ಸ್ ಪರ ಎಸೆದರು; ಆದರೆ ಅಣ್ಣನ ಹತೋಟಿ ಅವರಿಗೆ ಒಲಿಯಲಿಲ್ಲ, ಒಂದೇ ಪಂದ್ಯದಲ್ಲಿ 14 ವಾಕ್‌ಗಳನ್ನು ಬಿಟ್ಟುಕೊಟ್ಟರು.

ಅಭಿಮಾನಿಗಳು ಮ್ಯಾಥ್ಯೂಸನ್ ಅವರನ್ನು ‘ಬಿಗ್ ಸಿಕ್ಸ್’ ಎಂದೂ ‘ಮ್ಯಾಟಿ’ ಎಂದೂ ಕರೆಯುತ್ತಿದ್ದರು. ಅವರ ಹೆಸರಿನಲ್ಲಿ ಮಕ್ಕಳ ಕಥೆಪುಸ್ತಕಗಳು ಪ್ರಕಟವಾದವು. ಚೆಕರ್ಸ್ ಆಟದಲ್ಲಿ ಅವರು ಅಸಾಧಾರಣ ಪ್ರವೀಣರು. ಏಕಕಾಲಕ್ಕೆ ಹಲವರೊಡನೆ ಆಡಿ ಗೆಲ್ಲಬಲ್ಲವರಾಗಿದ್ದರು. ಪತ್ರಿಕೆಗಳು ಅವರನ್ನು ದೋಷರಹಿತ ಆದರ್ಶಪುರುಷನಂತೆ ಚಿತ್ರಿಸಿದವು. ವಾಸ್ತವದಲ್ಲಿ ಅವರು ಧೂಮಪಾನ ಮಾಡುತ್ತಿದ್ದರು, ಹಣವಿಟ್ಟು ಇಸ್ಪೀಟು ಆಡುತ್ತಿದ್ದರು, ಅಪರಿಚಿತರಿಂದ ದೂರವಿರುತ್ತಿದ್ದರು. ಆದರೆ ಆಟದ ಅಂಗಳದಲ್ಲಿ ಅವರ ಪ್ರಾಮಾಣಿಕತೆಯನ್ನು ಎದುರಾಳಿಗಳೂ ಸಂಶಯಿಸಲಿಲ್ಲ.

ಸಿನ್ಸಿನಾಟಿಯಲ್ಲಿ ಮ್ಯಾನೇಜರ್

1914ರಲ್ಲಿ 24 ಪಂದ್ಯಗಳನ್ನು ಗೆದ್ದ ಮ್ಯಾಥ್ಯೂಸನ್, 1915ರಲ್ಲಿ ಎಂಟಕ್ಕೆ ಇಳಿದರು. ತೋಳಿನ ಶಕ್ತಿ ಮುಗಿದಿತ್ತು. 1916ರ ಜುಲೈ 20ರಂದು ಮೆಕ್‌ಗ್ರಾ ಅವರನ್ನು ಸಿನ್ಸಿನಾಟಿ ರೆಡ್ಸ್ ತಂಡಕ್ಕೆ ಬಿಟ್ಟುಕೊಟ್ಟರು. ಅಲ್ಲಿ ಅವರು ಮ್ಯಾನೇಜರ್ ಆದರು. ಅವರೊಡನೆ ಹೋದ ಎಡ್ ರೌಷ್ ಮತ್ತು ಬಿಲ್ ಮೆಕ್‌ಕೆಕ್ನಿ ಕೂಡ ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಸೆಪ್ಟೆಂಬರ್ 4ರಂದು ತಮ್ಮಂತೆಯೇ ವೃತ್ತಿಯ ಕೊನೆಯಲ್ಲಿದ್ದ ಮೊರ್ಡೆಕೈ ಬ್ರೌನ್ ವಿರುದ್ಧ ಮ್ಯಾಥ್ಯೂಸನ್ ಕೊನೆಯ ಬಾರಿಗೆ ಎಸೆದು 10–8ರಿಂದ ಗೆದ್ದರು. ಸಿನ್ಸಿನಾಟಿ ಪರವಾಗಿ ಪಿಚರ್ ಆಗಿ ಅವರು ಆಡಿದ್ದು ಆ ಒಂದೇ ಪಂದ್ಯ.

ಮ್ಯಾನೇಜರ್ ಆಗಿ ಅವರು ಎದುರಿಸಿದ ದೊಡ್ಡ ಪರೀಕ್ಷೆ ಹಾಲ್ ಚೇಸ್ ಪ್ರಕರಣ. ಮೊದಲ ಬೇಸ್ ಕಾಯುವುದರಲ್ಲಿ ಅಪ್ರತಿಮನೆನಿಸಿದ್ದ ಚೇಸ್, ಜೂಜುಕೋರರಿಗಾಗಿ ಬೇಕೆಂದೇ ತಂಡವನ್ನು ಸೋಲಿಸುತ್ತಿದ್ದಾರೆಂಬ ಅನುಮಾನ ಹಲವರಲ್ಲಿತ್ತು. ಯಾರೂ ಬಾಯಿಬಿಟ್ಟು ಹೇಳುವ ಧೈರ್ಯ ಮಾಡಿರಲಿಲ್ಲ. 1918ರ ಆಗಸ್ಟ್‌ನಲ್ಲಿ ಮ್ಯಾಥ್ಯೂಸನ್ ಅವರನ್ನು ತಂಡದಿಂದ ಅಮಾನತು ಮಾಡಿದರು. 1919ರ ಆರಂಭದಲ್ಲಿ ಲೀಗ್ ಅಧ್ಯಕ್ಷ ಜಾನ್ ಹೈಡ್ಲರ್ ವಿಚಾರಣೆ ನಡೆಸಿದಾಗ, ಮ್ಯಾಥ್ಯೂಸನ್ ಸೇನೆಯ ಕೆಲಸದ ಮೇಲೆ ಫ್ರಾನ್ಸ್‌ನಲ್ಲಿದ್ದುದರಿಂದ ಹಾಜರಾಗಲು ಸಾಧ್ಯವಾಗಲಿಲ್ಲ. ಸಾಕ್ಷ್ಯ ಸಾಲದೆಂದು ಚೇಸ್ ಖುಲಾಸೆಯಾದರು. ಅವರನ್ನು ಕೂಡಲೇ ಬರಮಾಡಿಕೊಂಡವರು ಮೆಕ್‌ಗ್ರಾ! ಫ್ರಾನ್ಸ್‌ನಿಂದ ಮರಳಿ ಜೈಂಟ್ಸ್ ತರಬೇತುದಾರರಾಗಿ ಸೇರಿದ ಮ್ಯಾಥ್ಯೂಸನ್, ತಾವು ಅಮಾನತು ಮಾಡಿದ ಆಟಗಾರನೊಡನೆ ಅದೇ ಪಾಳಯದಲ್ಲಿ ಇರಬೇಕಾಯಿತು. ಆ ಋತುವಿನ ಬಳಿಕ ಚೇಸ್ ಮತ್ತೆಂದೂ ದೊಡ್ಡ ಲೀಗ್‌ನಲ್ಲಿ ಆಡಲಿಲ್ಲ.

ಅದೇ 1919ರ ಶರತ್ಕಾಲದಲ್ಲಿ ಸಿನ್ಸಿನಾಟಿ ಮತ್ತು ಷಿಕಾಗೊ ವೈಟ್ ಸಾಕ್ಸ್ ನಡುವಿನ ವರ್ಲ್ಡ್ ಸೀರೀಸ್‌ನಲ್ಲಿ ಮೋಸ ನಡೆದಿದೆಯೆಂಬ ಗುಸುಗುಸು ಹಬ್ಬಿತು. ಪತ್ರಕರ್ತ ಹ್ಯೂ ಫುಲರ್ಟನ್ ಪಕ್ಕದಲ್ಲಿ ಕುಳಿತು ಪಂದ್ಯಗಳನ್ನು ನೋಡಿದ ಮ್ಯಾಥ್ಯೂಸನ್, ಸಂಶಯಾಸ್ಪದ ಆಟವನ್ನು ಗುರುತಿಸಲು ನೆರವಾದರು. ಮುಂದೆ ಷಿಕಾಗೊ ತಂಡದ ಎಂಟು ಮಂದಿ ಆಜೀವ ನಿಷೇಧಕ್ಕೊಳಗಾದರು.

ಮಹಾಯುದ್ಧ ಮತ್ತು ಅನಾರೋಗ್ಯ

1918ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಮ್ಯಾಥ್ಯೂಸನ್ ಸ್ವಇಚ್ಛೆಯಿಂದ ಸೇನೆಯ ರಾಸಾಯನಿಕ ಯುದ್ಧ ವಿಭಾಗದಲ್ಲಿ ಕ್ಯಾಪ್ಟನ್ ಆಗಿ ಸೇರಿ ಫ್ರಾನ್ಸ್‌ಗೆ ತೆರಳಿದರು. ಟೈ ಕಾಬ್ ಮತ್ತು ಬ್ರಾಂಚ್ ರಿಕಿ ಕೂಡ ಅದೇ ವಿಭಾಗದಲ್ಲಿದ್ದರು. ವಿಷಾನಿಲದಿಂದ ಸೈನಿಕರು ತಮ್ಮನ್ನು ರಕ್ಷಿಸಿಕೊಳ್ಳುವ ತರಬೇತಿ ನೀಡುವುದು ಇವರ ಕೆಲಸಗಳಲ್ಲಿ ಒಂದಾಗಿತ್ತು. ತರಬೇತಿಯ ಒಂದು ಅವಘಡದಲ್ಲಿ ಮ್ಯಾಥ್ಯೂಸನ್ ವಿಷಾನಿಲವನ್ನು ಉಸಿರಾಡಿದರೆಂದು ಕಾಬ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಮರಳಿ ಬಂದ ಮೇಲೆ ನಿಲ್ಲದ ಕೆಮ್ಮು ಕಾಡತೊಡಗಿತು. ಕ್ಷಯರೋಗವೆಂದು ವೈದ್ಯರು ನಿರ್ಣಯಿಸಿದರು. ವಿಷಾನಿಲವೇ ರೋಗಕ್ಕೆ ಕಾರಣವೆಂಬುದು ಜನಪ್ರಿಯ ನಂಬಿಕೆ. ಕ್ಷಯ ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ತಮ್ಮ ಹೆನ್ರಿ 1917ರಲ್ಲೇ ಅದೇ ರೋಗದಿಂದ ತೀರಿಕೊಂಡಿದ್ದರು. ಆದ್ದರಿಂದ ಹಾನಿಗೊಂಡ ಶ್ವಾಸಕೋಶ ಸೋಂಕಿಗೆ ದಾರಿ ಮಾಡಿರಬಹುದೇ ಹೊರತು ಅದೊಂದೇ ಕಾರಣವಲ್ಲ ಎಂಬ ವಾದವೂ ಇದೆ.

ಕ್ಷಯಕ್ಕೆ ಆಗ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ವಿಶ್ರಾಂತಿ, ಪೌಷ್ಟಿಕ ಆಹಾರ, ತಣ್ಣನೆಯ ಶುದ್ಧ ಗಾಳಿ ಇವೇ ಚಿಕಿತ್ಸೆ. 1920ರಲ್ಲಿ ಮ್ಯಾಥ್ಯೂಸನ್ ನ್ಯೂಯಾರ್ಕ್ ರಾಜ್ಯದ ಬೆಟ್ಟಗಳ ನಡುವೆ, ಕ್ಷಯ ಚಿಕಿತ್ಸೆಗೆ ಹೆಸರಾದ ಸರನಾಕ್ ಲೇಕ್ ಎಂಬ ಊರಿಗೆ ಹೋದರು. ಆರಂಭದಲ್ಲಿ ಹಾಸಿಗೆಯಿಂದ ಅಲುಗಾಡುವುದಕ್ಕೂ ಅನುಮತಿ ಇರಲಿಲ್ಲ. ನಿಧಾನವಾಗಿ ಚೇತರಿಸಿಕೊಂಡು, 1923ರಲ್ಲಿ ಬಾಸ್ಟನ್ ಬ್ರೇವ್ಸ್ ತಂಡದ ಅಧ್ಯಕ್ಷರಾಗಿ ಮತ್ತೆ ಬೇಸ್‌ಬಾಲ್ ಲೋಕಕ್ಕೆ ಬಂದರು. ವೈದ್ಯರ ಎಚ್ಚರಿಕೆಗೆ ಮೀರಿ ದುಡಿದುದರಿಂದ ರೋಗ ಮರುಕಳಿಸಿತು.

ನಿಧನ

1925ರ ಅಕ್ಟೋಬರ್ 7ರಂದು ಸರನಾಕ್ ಲೇಕ್‌ನಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಮ್ಯಾಥ್ಯೂಸನ್ ನಿಧನರಾದರು. ಆ ದಿನವೇ ಪಿಟ್ಸ್‌ಬರ್ಗ್‌ನಲ್ಲಿ ವರ್ಲ್ಡ್ ಸೀರೀಸ್ ಆರಂಭವಾಗಿತ್ತು. ಮರುದಿನದ ಪಂದ್ಯದಲ್ಲಿ ಎರಡೂ ತಂಡಗಳ ಆಟಗಾರರು ತೋಳಿಗೆ ಕಪ್ಪು ಪಟ್ಟಿ ಧರಿಸಿದರು. ಲೂಯಿಸ್‌ಬರ್ಗ್‌ನಲ್ಲಿ, ತಾವು ಓದಿದ ವಿಶ್ವವಿದ್ಯಾಲಯದ ಸಮೀಪದಲ್ಲೇ ಅವರ ಸಮಾಧಿಯಿದೆ.

ದಾಖಲೆಗಳು

ಗೆಲುವುಗಳು: 373
ಸೋಲುಗಳು: 188
ಇ.ಆರ್.ಎ.: 2.13
ಸ್ಟ್ರೈಕ್‌ಔಟ್‌ಗಳು: 2,500ಕ್ಕೂ ಹೆಚ್ಚು
ಶಟ್‌ಔಟ್‌ಗಳು: 79
ನೋ-ಹಿಟ್ಟರ್‌ಗಳು: 2 (1901ರಲ್ಲಿ ಸೇಂಟ್ ಲೂಯಿಸ್, 1905ರಲ್ಲಿ ಷಿಕಾಗೊ ವಿರುದ್ಧ)
30 ಅಥವಾ ಹೆಚ್ಚು ಗೆಲುವು ಪಡೆದ ಋತುಗಳು: 4 (1903, 1904, 1905, 1908)

ಗೆಲುವಿನ ಸಂಖ್ಯೆಗೆ ಒಂದು ಸ್ವಾರಸ್ಯಕರ ಹಿನ್ನೆಲೆಯಿದೆ. ಬಹುಕಾಲ ಅದನ್ನು 372 ಎಂದೇ ಎಣಿಸಲಾಗಿತ್ತು. 1929ರಲ್ಲಿ ಗ್ರೋವರ್ ಕ್ಲೀವ್‌ಲ್ಯಾಂಡ್ ಅಲೆಕ್ಸಾಂಡರ್ 373ನೆಯ ಪಂದ್ಯ ಗೆದ್ದಾಗ ಮ್ಯಾಥ್ಯೂಸನ್ ಅವರ ದಾಖಲೆ ಮುರಿಯಿತೆಂದು ಎಲ್ಲರೂ ಭಾವಿಸಿದರು. ವರ್ಷಗಳ ನಂತರ ಹಳೆಯ ಕಡತಗಳನ್ನು ಪರಿಶೀಲಿಸಿದಾಗ 1902ರ ಒಂದು ಗೆಲುವು ಲೆಕ್ಕದಿಂದ ಬಿಟ್ಟುಹೋಗಿದ್ದುದು ತಿಳಿದುಬಂತು. ಹೀಗೆ ಇಬ್ಬರೂ ಸಮನಾದರು. ಒಟ್ಟು ಗೆಲುವುಗಳಲ್ಲಿ ಇವರಿಬ್ಬರಿಗಿಂತ ಮುಂದಿರುವವರು ಸೈ ಯಂಗ್ (511) ಮತ್ತು ವಾಲ್ಟರ್ ಜಾನ್ಸನ್ (417) ಮಾತ್ರ.

ಗೌರವಗಳು

1936ರಲ್ಲಿ ಹಾಲ್ ಆಫ್ ಫೇಮ್‌ಗೆ ನಡೆದ ಮೊದಲ ಚುನಾವಣೆಯಲ್ಲಿ ಟೈ ಕಾಬ್, ಬೇಬ್ ರೂತ್, ಹೋನಸ್ ವ್ಯಾಗ್ನರ್, ವಾಲ್ಟರ್ ಜಾನ್ಸನ್ ಅವರೊಂದಿಗೆ ಮ್ಯಾಥ್ಯೂಸನ್ ಆಯ್ಕೆಯಾದರು. 226 ಮತಗಳಲ್ಲಿ 205 ಅವರಿಗೆ ದೊರೆತವು. ಬಕ್‌ನೆಲ್ ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ ಅವರ ಹೆಸರಿಡಲಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸರಕು ಸಾಗಣೆ ಹಡಗೊಂದು ಅವರ ಹೆಸರನ್ನು ಹೊತ್ತಿತ್ತು. ಅವರ ಕಾಲದಲ್ಲಿ ಆಟಗಾರರ ಅಂಗಿಯ ಮೇಲೆ ಸಂಖ್ಯೆ ಇರಲಿಲ್ಲ. ಆದ್ದರಿಂದ ಇಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನೆಲೆಸಿರುವ ಜೈಂಟ್ಸ್ ತಂಡ, ಗೌರವಾರ್ಥ ನಿವೃತ್ತಿಗೊಳಿಸಿದ ಸಂಖ್ಯೆಗಳ ಸಾಲಿನಲ್ಲಿ ಮ್ಯಾಥ್ಯೂಸನ್ ಹೆಸರಿನೊಡನೆ ಹಳೆಯ ನ್ಯೂಯಾರ್ಕ್ ತಂಡದ ಲಾಂಛನದ ಅಕ್ಷರಗಳನ್ನು ಇರಿಸಿದೆ. ಹುಟ್ಟೂರಾದ ಫ್ಯಾಕ್ಟರಿವಿಲ್‌ನಲ್ಲಿ ಪ್ರತಿವರ್ಷ ಆಗಸ್ಟ್‌ನಲ್ಲಿ ಅವರ ನೆನಪಿನ ಉತ್ಸವ ನಡೆಯುತ್ತದೆ.